ಬ್ಲಾಕ್ ಐಲ್ಯಾಂಡ್ ಕಡಲಲ್ಲಿ ಯು-853: ತಣ್ಣೀರಿನ ಡೈವಿಂಗ್ ಪ್ರವಾಸ

ಶುಕ್ರವಾರ

ಪಾಯಿಂಟ್ ಜ್ಯುಡಿತ್ ದೀಪಸ್ತಂಭದ ಹತ್ತಿರ ನಿಂತು ದಕ್ಷಿಣಕ್ಕೆ ನೋಡಿದರೆ, ಮಂಜಿಲ್ಲದ ದಿನ ಬ್ಲಾಕ್ ಐಲ್ಯಾಂಡ್ ಕಾಣುತ್ತದೆ. ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲ್ಯಾಂಡ್‌ನ ಕಡಲು ಇದು. ಇಲ್ಲಿನ ನೀರಿನಡಿ ಎರಡನೇ ಮಹಾಯುದ್ಧದ ಎರಡು ಹಡಗುಗಳು ಮಲಗಿವೆ. ಒಂದು ಕಲ್ಲಿದ್ದಲು ಸಾಗಿಸುತ್ತಿದ್ದ ಅಮೆರಿಕದ ಬ್ಲ್ಯಾಕ್ ಪಾಯಿಂಟ್. ಇನ್ನೊಂದು ಅದನ್ನು ಹೊಡೆದು ಮುಳುಗಿಸಿದ ಜರ್ಮನ್ ಸಬ್‌ಮರೀನ್ ಯು-853. ಮೊದಲನೆಯದು ಮುಳುಗಿದ್ದು 1945ರ ಮೇ 5ರಂದು, ಎರಡನೆಯದು ಮರುದಿನ. ಜರ್ಮನಿ ಶರಣಾಗತಿಗೆ ಸಹಿ ಹಾಕಿದ್ದು ಮೇ 7ಕ್ಕೆ.

ಈ ಮೂರು ತಾರೀಕುಗಳನ್ನು ಒಟ್ಟಿಗೆ ಓದಿದಾಗಿನಿಂದ ಇಲ್ಲಿಗೆ ಬರಬೇಕು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಎರಡನ್ನೂ ನೋಡಬೇಕು, ಬರೀ ಸಬ್‌ಮರೀನನ್ನಲ್ಲ. ಇಲ್ಲಿಗೆ ಬರುವ ಡೈವರ್‌ಗಳಲ್ಲಿ ಹೆಚ್ಚಿನವರ ಬಾಯಲ್ಲಿ ಯು-ಬೋಟ್ (ಜರ್ಮನ್ ಸಬ್‌ಮರೀನ್) ಹೆಸರೇ ಇರುತ್ತದೆ. ಬ್ಲ್ಯಾಕ್ ಪಾಯಿಂಟ್ ಅಂದರೆ ಅಭ್ಯಾಸಕ್ಕೆ ಇಳಿಯುವ ಜಾಗ, ಅಷ್ಟೇ. ನನಗೆ ಅದು ಸರಿ ಅನ್ನಿಸುವುದಿಲ್ಲ.

ನಾನು ಕನೆಕ್ಟಿಕಟ್‌ನಿಂದ ಕಾರಿನಲ್ಲಿ ಬಂದೆ. ಶ್ರೀಧರಣ್ಣ ನ್ಯೂಜೆರ್ಸಿಯಿಂದ ಬಂದರು. ಅವರು ಹೊನ್ನಾವರದವರು, ನನಗಿಂತ ಹತ್ತು ವರ್ಷ ದೊಡ್ಡವರು. ಇಬ್ಬರೂ ಡೈವಿಂಗ್ ಕಲಿತದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲೇ, ಬೇರೆ ಬೇರೆ ವರ್ಷ. ಪರಿಚಯವಾದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ. ನೇತ್ರಾಣಿಯಲ್ಲಿ ನೀರು 28 ಡಿಗ್ರಿ, ತೆಳು ವೆಟ್‌ಸೂಟ್ ಹಾಕಿಕೊಂಡು ಧುಮುಕಿದರೆ ಆಯಿತು. ಇಲ್ಲಿನ ನೀರೇ ಬೇರೆ. ಜುಲೈ ಬಿಸಿಲಿನಲ್ಲೂ ತಳದಲ್ಲಿ 9-10 ಡಿಗ್ರಿ. ಚಳಿಗಾಲದಲ್ಲಿ ತಣ್ಣಗಾದ ನೀರು ಕೆಳಗೇ ಉಳಿದುಬಿಡುತ್ತದೆ. ಬೇಸಿಗೆಯ ಬಿಸಿಲಿಗೆ ಕಾಯುವುದು ಮೇಲಿನ ಪದರ ಮಾತ್ರ.

ಸಂಜೆ ದೀಪಸ್ತಂಭದ ಪಕ್ಕದ ಹುಲ್ಲಿನಲ್ಲಿ ಕೂತು ಶ್ರೀಧರಣ್ಣನಿಗೆ ಪೂರ್ತಿ ಕಥೆ ಹೇಳಿದೆ. ಬ್ಲ್ಯಾಕ್ ಪಾಯಿಂಟ್ 1918ರಲ್ಲಿ ಕಟ್ಟಿದ ಹಳೇ ಹಡಗು. ಕಲ್ಲಿದ್ದಲು ತುಂಬಿಕೊಂಡು ಬಾಸ್ಟನ್ ಕಡೆಗೆ ಹೊರಟಿತ್ತು. ಸಂಜೆ 5.40ಕ್ಕೆ ಟಾರ್ಪಿಡೊ ಬಡಿದು ಹಡಗಿನ ಹಿಂಭಾಗವೇ ಹಾರಿಹೋಯಿತು. ಹಡಗಿನಲ್ಲಿದ್ದ 46 ಜನರಲ್ಲಿ 12 ಮಂದಿ ಸತ್ತರು. ಉಳಿದ 34 ಜನರನ್ನು ಬೇರೆ ಹಡಗುಗಳು ಎತ್ತಿಕೊಂಡವು. ಹತ್ತಿರದಲ್ಲೇ ಹೋಗುತ್ತಿದ್ದ ಯುಗೊಸ್ಲಾವಿಯಾದ ಕಾಮೆನ್ ಅನ್ನುವ ಹಡಗು ರೇಡಿಯೊದಲ್ಲಿ ಸುದ್ದಿ ಕೊಟ್ಟಿತು. ಅಟ್ಲಾಂಟಿಕ್‌ನಲ್ಲಿ ಯು-ಬೋಟ್ ಹೊಡೆತಕ್ಕೆ ಮುಳುಗಿದ ಅಮೆರಿಕದ ಕೊನೆಯ ವ್ಯಾಪಾರಿ ಹಡಗು ಇದು.

"ಯುದ್ಧ ನಿಲ್ಲಿಸಿ ಅಂತ ಹೇಳಿರಲಿಲ್ವಾ ಅವರಿಗೆ?" ಎಂದು ಕೇಳಿದರು.

ಹೇಳಿದ್ದರು. ಹಿಟ್ಲರ್ ಸತ್ತ ಮೇಲೆ ಅಧಿಕಾರಕ್ಕೆ ಬಂದ ಅಡ್ಮಿರಲ್ ಡೋನಿಟ್ಸ್ ಮೇ 4ರಂದೇ ಎಲ್ಲ ಯು-ಬೋಟ್‌ಗಳಿಗೂ ದಾಳಿ ನಿಲ್ಲಿಸಿ ವಾಪಸ್ ಬನ್ನಿ ಎಂದು ಆದೇಶ ಕಳಿಸಿದ್ದರು. ನೀರೊಳಗಿದ್ದ ಯು-853ಕ್ಕೆ ಅದು ತಲುಪಿತೋ ಇಲ್ಲವೋ ಹೇಳಲು ಯಾರೂ ಬದುಕಿ ಉಳಿಯಲಿಲ್ಲ. ಕ್ಯಾಪ್ಟನ್ ಹೆಲ್ಮುಟ್ ಫ್ರೋಮ್ಸ್‌ಡಾರ್ಫ್‌ಗೆ ಆಗ 24 ವರ್ಷ. ಆದೇಶ ಸಿಕ್ಕಿಯೂ ಹೊಡೆದ ಎಂದು ಕೆಲವರು ಖಡಾಖಂಡಿತವಾಗಿ ಬರೆಯುತ್ತಾರೆ. ಪುರಾವೆ ಇಲ್ಲದೆ ಸತ್ತವನ ಮೇಲೆ ಆ ಮಾತು ಹೊರಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಶ್ರೀಧರಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "24 ಅಂದ್ರೆ ನಮ್ಮ ಅಕ್ಕನ ಮಗನ ವಯಸ್ಸು ಮಾರಾಯ" ಎಂದರು.

ಶನಿವಾರ

ಬೆಳಿಗ್ಗೆ ಆರಕ್ಕೆ ಗ್ಯಾಲಿಲೀ ಬಂದರು. ಮೀನು ದೋಣಿಗಳು, ಐಸು, ಡೀಸೆಲ್ ವಾಸನೆ, ಕಿರುಚುವ ಸೀಗಲ್‌ಗಳು. ಬ್ಲಾಕ್ ಐಲ್ಯಾಂಡಿಗೆ ಹೋಗುವ ಫೆರಿ ಹೊರಡುವುದೂ ಇಲ್ಲಿಂದಲೇ. ನಮ್ಮ ದೋಣಿಯಲ್ಲಿ ಆರೇ ಜನ ಡೈವರ್‌ಗಳಿದ್ದೆವು.

ತಣ್ಣೀರಿನ ಡೈವಿಂಗ್‌ನಲ್ಲಿ ಅರ್ಧ ಕೆಲಸ ದಡದಲ್ಲೇ. ಮೊದಲು ದಪ್ಪ ಉಣ್ಣೆಯಂಥ ಒಳ ಉಡುಪು, ಅದರ ಮೇಲೆ ಡ್ರೈಸೂಟ್. ಡ್ರೈಸೂಟ್ ಒಳಗೆ ನೀರು ಬರಲೇಬಾರದು. ಅದಕ್ಕೇ ಕುತ್ತಿಗೆಗೂ ಮಣಿಕಟ್ಟಿಗೂ ಲೇಟೆಕ್ಸ್ ಪಟ್ಟಿ ಇರುತ್ತದೆ. ಪಟ್ಟಿಯ ಒಳಗೆ ಟಾಲ್ಕಂ ಪೌಡರ್ ಹಚ್ಚಿ, ಎರಡೂ ಕೈಯಿಂದ ಹಿಗ್ಗಿಸಿ, ಕಣ್ಣು ಮುಚ್ಚಿ ತಲೆ ತೂರಿಸಬೇಕು. ಒಂದು ಕೂದಲು ಪಟ್ಟಿಯಡಿ ಸಿಕ್ಕಿಕೊಂಡರೂ ಅದೇ ದಾರಿಯಲ್ಲಿ ನೀರು ಸೋರುತ್ತದೆ. ಶ್ರೀಧರಣ್ಣ ನನ್ನ ಕುತ್ತಿಗೆ ಪಟ್ಟಿಯ ಸುತ್ತ ಬೆರಳು ಆಡಿಸಿ ನೋಡಿದರು, ನಾನು ಅವರದ್ದು ನೋಡಿದೆ. ಬೆನ್ನಿನ ಜಿಪ್ ಕೊನೆಯ ಹಲ್ಲಿನವರೆಗೂ ಕೂತಿದೆಯಾ ಎಂದು ಇನ್ನೊಬ್ಬರೇ ನೋಡಬೇಕು. ಇಷ್ಟು ಮುಗಿಯುವಾಗ ಬಿಸಿಲಿನಲ್ಲಿ ಮೈಯೆಲ್ಲಾ ಬೆವರು.

ಬ್ಲ್ಯಾಕ್ ಪಾಯಿಂಟ್ ಇರುವುದು ಸುಮಾರು 27 ಮೀಟರ್ ಆಳದಲ್ಲಿ. ಲಂಗರಿನ ಹಗ್ಗ ಹಿಡಿದು ಇಳಿದೆವು. ಮೊದಲ ಹತ್ತು ಮೀಟರ್ ಹಸಿರು, ಹಿತವಾದ ನೀರು. ಆಮೇಲೆ ಒಮ್ಮೆಗೇ ತಣ್ಣನೆಯ ಪದರ. ಮೈ ಸೂಟಿನಲ್ಲಿ ಬೆಚ್ಚಗೇ ಇರುತ್ತದೆ, ಆದರೆ ಮುಖದಲ್ಲಿ ತುಟಿಯ ಸುತ್ತ ಇರುವ ಚೂರು ಜಾಗ ಬಯಲಾಗಿರುತ್ತದಲ್ಲ, ಅಲ್ಲಿ ಮೊದಲು ಸೂಜಿ ಚುಚ್ಚಿದ ಹಾಗೆ ಉರಿ, ಆಮೇಲೆ ಜೋಮು. ಎರಡು ನಿಮಿಷದ ಮೇಲೆ ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿದೆಯೋ ಇಲ್ಲವೋ ಹಲ್ಲಿನಿಂದಲೇ ತಿಳಿಯಬೇಕು.

ಹಡಗು ಹಡಗಾಗಿ ಉಳಿದಿಲ್ಲ. ತಗಡುಗಳು ಒಂದರ ಮೇಲೊಂದು ಬಿದ್ದಿವೆ. ತೊಲೆಗಳು, ತುಕ್ಕು, ಎಲ್ಲೆಲ್ಲೂ ಕನ್ನರ್ ಮೀನುಗಳು. ಒಂದು ಬಾಗಿದ ತಗಡಿನಡಿ ಸಿಗಡಿಯ ದೊಡ್ಡಪ್ಪನಂಥ ಲಾಬ್‌ಸ್ಟರ್ ಮೀಸೆ ಆಡಿಸುತ್ತಾ ಕೂತಿತ್ತು. ಆ ತಗಡುಗಳ ಮೇಲೆ ನಿಧಾನಕ್ಕೆ ತೇಲುತ್ತಾ ಹೋಗುವಾಗ ನಾನು ಯೋಚಿಸಿದ್ದು ಆ 12 ಜನರ ಬಗ್ಗೆ. ಕಲ್ಲಿದ್ದಲು ಹಡಗಿನ ನಾವಿಕರು. ಯುದ್ಧ ಇನ್ನೇನು ಮುಗಿಯಿತು ಎಂದು ರೇಡಿಯೊದಲ್ಲಿ ದಿನವೂ ಕೇಳುತ್ತಿದ್ದವರು. ದಡ ಕಣ್ಣಿಗೆ ಕಾಣುತ್ತಿತ್ತು. ದೀಪಸ್ತಂಭದಲ್ಲಿ ಇದ್ದವರಿಗೆ ಸ್ಫೋಟ ಕಂಡಿತು. ಅಷ್ಟು ಹತ್ತಿರ.

ರಾತ್ರಿ ಬಂದರಿನ ಪಕ್ಕದಲ್ಲೇ ಊಟ. ಈ ರಾಜ್ಯದವರಿಗೆ ಸ್ಕ್ವಿಡ್ (ನಮ್ಮ ಕರಾವಳಿಯ ಬೊಂಡಾಸ್) ಅಂದರೆ ಪ್ರಾಣ. 2014ರಲ್ಲಿ ಕಾನೂನು ಮಾಡಿಯೇ ಕಾಲಮಾರಿಯನ್ನು, ಅಂದರೆ ಸ್ಕ್ವಿಡ್ ಖಾದ್ಯವನ್ನು, ರಾಜ್ಯದ ಅಧಿಕೃತ ತಿಂಡಿ ಎಂದು ಘೋಷಿಸಿದ್ದಾರೆ. ಖಾರದ ಮೆಣಸಿನಕಾಯಿ ಹಾಕಿ ಹುರಿದ ತಟ್ಟೆ ಬಂದಾಗ ಶ್ರೀಧರಣ್ಣನ ಮುಖ ಅರಳಿತು. "ಬೊಂಡಾಸ್! ಇದಕ್ಕೆ ಒಂದು ಚೂರು ತೆಂಗಿನೆಣ್ಣೆ ಬಿದ್ದಿದ್ರೆ ಮುಗೀತು, ಮನೆಗೇ ಹೋದ ಹಾಗೆ" ಎಂದರು. ಬೇಗ ಮಲಗಿದೆವು.

ಭಾನುವಾರ

ಇವತ್ತು ದೂರ ಜಾಸ್ತಿ. ಯು-853 ಇರುವುದು ಬ್ಲಾಕ್ ಐಲ್ಯಾಂಡಿನ ಪೂರ್ವಕ್ಕೆ ಸುಮಾರು 7 ಮೈಲಿ, ಆಳ ಸುಮಾರು 40 ಮೀಟರ್. ಮಂಜು ಕವಿದು ಮುಂದೇನೂ ಕಾಣುತ್ತಿರಲಿಲ್ಲ. ದೋಣಿ ರೇಡಾರ್ ನೋಡಿಕೊಂಡೇ ಸಾಗಿತು. ನೀರಿನ ಏರಿಳಿತ ದೊಡ್ಡದು, ಆದರೆ ಅಲೆಗಳು ಒಡೆಯುತ್ತಿರಲಿಲ್ಲ.

ದಾರಿಯಲ್ಲಿ ದೋಣಿಯ ಕ್ಯಾಪ್ಟನ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಒಳಗೆ ಹೋಗುವಂತಿಲ್ಲ, ಏನನ್ನೂ ತರುವಂತಿಲ್ಲ, ಅದರೊಳಗೆ ಜನ ಇದ್ದಾರೆ. 'ಇದ್ದರು' ಅನ್ನಲಿಲ್ಲ ಅವರು. 55 ಜನ ಸಿಬ್ಬಂದಿ, ಎಲ್ಲರೂ ಸತ್ತರು. ಮುಳುಗಿದ ಸೇನಾ ಹಡಗುಗಳಿಗೆ ರಕ್ಷಣೆ ಕೊಡುವ ಕಾನೂನನ್ನು ಅಮೆರಿಕ 2004ರಲ್ಲಿ ಮಾಡಿದೆ. ಕಾನೂನು ಇಲ್ಲದಿದ್ದರೂ ಅದು ಸಮಾಧಿಯೇ. ಇಲ್ಲಿ ಇಳಿದು ವಾಪಸ್ ಬಾರದ ಡೈವರ್‌ಗಳೂ ಇದ್ದಾರೆ. ಒಳಗೆ ಹೂಳು ತುಂಬಿದೆ, ತಂತಿಗಳು ಜೋತಾಡುತ್ತಿವೆ. ಒಮ್ಮೆ ಹೂಳೆದ್ದರೆ ಟಾರ್ಚ್ ಇದ್ದೂ ಕುರುಡು.

ಇದು ಟೈಪ್ ಒಂಬತ್ತು ವರ್ಗದ ದೂರಗಾಮಿ ಸಬ್‌ಮರೀನ್. ಬ್ರೆಮೆನ್‌ನಲ್ಲಿ ಕಟ್ಟಿದ್ದು, 1943ರ ಜೂನ್‌ನಲ್ಲಿ ಸೇವೆಗೆ ಬಂತು. ಉದ್ದ 76 ಮೀಟರ್‌ಗೆ ಸ್ವಲ್ಪ ಜಾಸ್ತಿ. ಆದರೆ ಜನ ಬದುಕುವ ಒಳಗಿನ ಉಕ್ಕಿನ ಕೊಳವೆಯ ಅಗಲ 4.4 ಮೀಟರ್ ಮಾತ್ರ. ಅದರಲ್ಲೇ ಎಂಜಿನ್, ಬ್ಯಾಟರಿ, ಟಾರ್ಪಿಡೊ, ಅಡುಗೆಮನೆ, 55 ಜನ. ವಿಶಾಖಪಟ್ಟಣದ ಬೀಚ್‌ನಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಐಎನ್ಎಸ್ ಕುರ್ಸುರ ಸಬ್‌ಮರೀನಿನ ಒಳಗೆ ಹೋಗಿ ಬಂದವರಿಗೆ ಅಂದಾಜು ಸಿಗುತ್ತದೆ. ಕುರ್ಸುರ 91 ಮೀಟರ್ ಉದ್ದ, ಇದಕ್ಕಿಂತ ದೊಡ್ಡದು. ಅಲ್ಲೇ ನನಗೆ ಹತ್ತು ನಿಮಿಷದಲ್ಲಿ ಉಸಿರು ಕಟ್ಟಿದ ಹಾಗಾಗಿತ್ತು. ಇವರು 1945ರ ಫೆಬ್ರವರಿಯಲ್ಲಿ ನಾರ್ವೆ ಬಿಟ್ಟವರು ಮೇ ತಿಂಗಳವರೆಗೂ ಅದರೊಳಗೇ ಇದ್ದರು.

ಬ್ಲ್ಯಾಕ್ ಪಾಯಿಂಟ್ ಮುಳುಗಿದ ಎರಡು ಗಂಟೆಯೊಳಗೆ ಬೇಟೆ ಶುರುವಾಗಿತ್ತು. ಎರಿಕ್ಸನ್, ಅಥರ್ಟನ್, ಅಮಿಕ್, ಮೋಬರ್ಲಿ ಎಂಬ ಯುದ್ಧನೌಕೆಗಳು ಆ ದಾರಿಯಲ್ಲೇ ಬಾಸ್ಟನ್ನಿಗೆ ಹೊರಟಿದ್ದವು. ರಾತ್ರಿ ಎಂಟು ದಾಟಿದ ಮೇಲೆ ಅಥರ್ಟನ್‌ನ ಸೋನಾರ್‌ಗೆ (ಸದ್ದಿನ ಪ್ರತಿಧ್ವನಿಯಿಂದ ನೀರಿನಡಿ ಹುಡುಕುವ ಯಂತ್ರ) ಸಬ್‌ಮರೀನ್ ಸಿಕ್ಕಿತು. ಇಲ್ಲಿ ಆಳ ಕಡಿಮೆ. ನಡುಗಡಲಿನಲ್ಲಾದರೆ 200 ಮೀಟರ್ ಕೆಳಗೆ ಹೋಗಿ ತಪ್ಪಿಸಿಕೊಳ್ಳಬಹುದಿತ್ತು. ಇಲ್ಲಿ ತಳಕ್ಕೆ ಅಂಟಿಕೊಂಡು, ಯಂತ್ರ ನಿಲ್ಲಿಸಿ, ಸುಮ್ನೆ ಮಲಗಬೇಕು. ಬೇರೆ ದಾರಿಯೇ ಇಲ್ಲ.

ಡೆಪ್ತ್ ಚಾರ್ಜ್ ಎಂದರೆ ಗೊತ್ತಾದ ಆಳಕ್ಕೆ ಹೋಗಿ ಸಿಡಿಯುವ ಡ್ರಮ್ಮು. ತಗಲಲಿ ಬಿಡಲಿ, ಸಿಡಿಯುತ್ತದೆ. ಅದನ್ನು ಹಡಗಿನ ಹಿಂದಿನಿಂದ ಉರುಳಿಸಬೇಕಾದ್ದರಿಂದ ಮೊದಲು ಗುರಿಯ ಮೇಲೆಯೇ ಸಾಗಬೇಕು. ಅಷ್ಟು ಹತ್ತಿರ ಬರುವಾಗ ಸೋನಾರ್‌ನಲ್ಲಿ ಗುರಿ ತಪ್ಪಿಹೋಗುತ್ತದೆ. ಹೆಡ್ಜ್‌ಹಾಗ್ ಹಾಗಲ್ಲ. 24 ಚಿಕ್ಕ ಬಾಂಬುಗಳನ್ನು ಹಡಗಿನ ಮುಂದಕ್ಕೆ ಒಟ್ಟಿಗೆ ಎಸೆಯುತ್ತದೆ, ಗುರಿ ಇನ್ನೂ ಸೋನಾರ್‌ನಲ್ಲಿ ಇರುವಾಗಲೇ. ಏನಾದರೂ ಗಟ್ಟಿಯಾದದ್ದಕ್ಕೆ ತಗಲಿದರೆ ಮಾತ್ರ ಸಿಡಿಯುತ್ತದೆ. ಹಾಗಾಗಿ ಸದ್ದು ಕೇಳಿತೆಂದರೆ ಏನಕ್ಕೋ ತಗಲಿದೆ ಎಂದೇ ಅರ್ಥ. ಆ ರಾತ್ರಿ ಎರಡನ್ನೂ ಮತ್ತೆ ಮತ್ತೆ ಹಾಕಿದರು. ಬೆಳಿಗ್ಗೆ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಿಂದ ನೌಕಾಪಡೆಯ ಎರಡು ಬ್ಲಿಂಪ್‌ಗಳು (ಬಲೂನಿನಂಥ ವಾಯುನೌಕೆಗಳು) ಬಂದು ಮೇಲಿನಿಂದ ಜಾಗ ತೋರಿಸಿದವು. ಎಣ್ಣೆ ತೇಲಿತು, ಲೈಫ್ ಜಾಕೆಟ್‌ಗಳು ತೇಲಿದವು, ಒಬ್ಬ ಅಧಿಕಾರಿಯ ಟೋಪಿ ತೇಲಿತು.

ನಮ್ಮ ಕಡೆಗೂ ಇಂಥದ್ದೊಂದು ಇದೆ ಅಲ್ವಾ? 1971ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಹೊರಗೆ ಮುಳುಗಿದ ಪಾಕಿಸ್ತಾನದ ಸಬ್‌ಮರೀನ್ ಘಾಝಿ. ಅದೂ ಸಿಬ್ಬಂದಿ ಸಮೇತ ಅಲ್ಲೇ ಇದೆ.

ನೀರಿಗೆ ಇಳಿದಾಗ ಮೇಲೆ 18 ಡಿಗ್ರಿ. ಸಿಲಿಂಡರಿನಲ್ಲಿ ಶೇಕಡ 28 ಆಮ್ಲಜನಕದ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿ. ಅದಕ್ಕಿಂತ ಜಾಸ್ತಿ ಹಾಕಿದರೆ 40 ಮೀಟರ್‌ನಲ್ಲಿ ಆಮ್ಲಜನಕವೇ ವಿಷವಾಗುತ್ತದೆ. ಕಡಿಮೆ ಹಾಕಿದರೆ ನೈಟ್ರೋಜನ್ ಜಾಸ್ತಿಯಾಗಿ ಕೆಳಗೆ ಇರುವ ಸಮಯ ಕಮ್ಮಿಯಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಸಿಲಿಂಡರ್, ಮೇಲೆ ಬರುವಾಗಿನ ತಂಗುವಿಕೆಗೆ.

15 ಮೀಟರ್ ದಾಟಿದ ಮೇಲೆ ಬೆಳಕು ಕರಗುತ್ತಾ ಹೋಯಿತು. ಹಸಿರು ಕಪ್ಪಾಯಿತು. ಸೂಟ್ ಮೈಯನ್ನು ಹಿಂಡುತ್ತದೆ, ಎದೆಯ ಗುಂಡಿ ಒತ್ತಿ ಒಳಗೆ ಸ್ವಲ್ಪ ಗಾಳಿ ಬಿಡಬೇಕು. 30 ಮೀಟರ್‌ನಲ್ಲಿ ಏನೂ ಇಲ್ಲ. ಹಗ್ಗ, ನನ್ನ ಟಾರ್ಚು, ಮುಂದೆ ಶ್ರೀಧರಣ್ಣನ ಟಾರ್ಚು, ಅಷ್ಟೇ. ಆಮೇಲೆ ಕೆಳಗಿನಿಂದ ಒಂದು ಉದ್ದನೆಯ ಬೆನ್ನು ಮೇಲೆದ್ದು ಬಂದ ಹಾಗೆ ಕಂಡಿತು.

ಸಬ್‌ಮರೀನ್ ನೆಟ್ಟಗೆ ಕೂತಿದೆ. ಸಮುದ್ರದ ತಳದಲ್ಲಿ ಹಡಗುಗಳು ವಾಲಿ, ಮಗುಚಿ, ಚೂರಾಗಿ ಬಿದ್ದಿರುವುದನ್ನೇ ಕಂಡವನಿಗೆ ಇದು ನಿಜವಾಗಿಯೂ ವಿಚಿತ್ರ. ಹೊರಗಿನ ತೆಳು ತಗಡು ಎಂದೋ ಕೊಳೆತು ಹೋಗಿದೆ. ಅದರ ಪಕ್ಕೆಲುಬುಗಳ ಸಂದಿಯಲ್ಲಿ ಒಳಗಿನ ದಪ್ಪ ಉಕ್ಕಿನ ಕೊಳವೆ ಕಾಣುತ್ತದೆ, ಅದಿನ್ನೂ ಗಟ್ಟಿಯಾಗಿದೆ. ಕಾನಿಂಗ್ ಟವರ್ (ಸಬ್‌ಮರೀನಿನ ಬೆನ್ನ ಮೇಲಿನ ಗೋಪುರ) ಮೇಲೆಲ್ಲಾ ಹೂವಿನಂಥ ಕಡಲಜೀವಿಗಳಾದ ಬಿಳಿ, ಕಿತ್ತಳೆ ಬಣ್ಣದ ಆನಿಮೊನಿಗಳು. ಟಾರ್ಚ್ ಬಿಟ್ಟಾಗ ಮಾತ್ರ ಬಣ್ಣ. ಬೆಳಕು ತಿರುಗಿಸಿದರೆ ಮತ್ತೆ ಬೂದಿ. ಯಾವುದೋ ದೋಣಿಯ ಹರಿದ ಮೀನುಬಲೆ ಒಂದು ಕಡೆ ಸಿಕ್ಕಿಕೊಂಡಿತ್ತು. ಅದರಿಂದ ದೂರವೇ ಇದ್ದೆವು.

ಟವರಿನ ಮೇಲಿನ ಹ್ಯಾಚ್ ನೋಡಿದೆ. ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ಹತ್ತಬೇಕಾದಷ್ಟು ಅಗಲದ ದುಂಡು ಬಾಯಿ. 1944ರ ಜೂನ್‌ನಲ್ಲಿ ವಿಮಾನಗಳು ಈ ಸಬ್‌ಮರೀನಿನ ಮೇಲೆ ಗುಂಡಿನ ಮಳೆ ಸುರಿಸಿದಾಗ ಆಗಿನ ಕ್ಯಾಪ್ಟನ್ ಹೆಲ್ಮುಟ್ ಸೋಮ್ಮರ್ ಮೈತುಂಬಾ ಗಾಯವಾಗಿಯೂ ತನ್ನವರೆಲ್ಲ ಒಳಗೆ ಇಳಿಯುವವರೆಗೆ ಮೇಲೆ ನಿಂತಿದ್ದರಂತೆ. ಇದೇ ಬಾಯಿ. ಆ ಸಲ ಇಳಿದವರು ಬದುಕಿ ಮನೆ ಸೇರಿದರು.

ಟವರಿಗೆ ಸ್ವಲ್ಪ ಮುಂದೆ ಬಾಂಬು ಹರಿದ ತೂತು ಇದೆ, ಹಿಂದೆ ಎಂಜಿನ್ ಕಡೆಗೆ ಇನ್ನೊಂದು. ಮುಂದಿನದರ ಅಂಚಿನಿಂದ ಎರಡು ಕೈ ದೂರದಲ್ಲಿ ತೇಲಿ ನಿಂತು ಟಾರ್ಚ್ ಹಾಕಿದೆವು. ಉಕ್ಕು ಒಳಮುಖವಾಗಿ ಮಡಚಿಕೊಂಡಿದೆ. ಕೊಳವೆಗಳು, ತಂತಿಯ ಗೊಂಚಲು, ಒಂದು ಚಿಕ್ಕ ವಾಲ್ವ್ ಚಕ್ರ, ಅದರ ಕಡ್ಡಿಗಳು ಎಣಿಸುವಷ್ಟು ಸ್ಪಷ್ಟ. ಆ ಚಕ್ರವನ್ನು ಯಾರೋ ಒಬ್ಬ ದಿನವೂ ತಿರುಗಿಸುತ್ತಿದ್ದ. ಅದರ ಕೆಳಗೆ ಹೂಳು, ನುಣ್ಣಗೆ, ಕದಡದೆ. ನಾನು ಎರಡೂ ಕೈ ಎದೆಗೆ ಕಟ್ಟಿಕೊಂಡೇ ಇದ್ದೆ. ಕುತೂಹಲ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಒಳಗೆ ಹೋಗುವ ಆಸೆ ಒಂದಿಷ್ಟೂ ಹುಟ್ಟಲಿಲ್ಲ. ನೋಡಿದ್ದು ಸಾಕು ಅನ್ನಿಸಿತು.

ತಳದಲ್ಲಿ ಸುಮಾರು 20 ನಿಮಿಷ. ಶ್ರೀಧರಣ್ಣ ಹೆಬ್ಬೆರಳು ಮೇಲೆ ಮಾಡಿದರು, ಹೊರಟೆವು. ಮೇಲೆ ಬರುವಾಗ 6 ಮೀಟರ್‌ನಲ್ಲಿ ಹಗ್ಗ ಹಿಡಿದು ತೂಗಾಡುತ್ತಾ ಕಾಯಬೇಕು, ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗುವವರೆಗೆ. ಬೆರಳುಗಳು ಸೆಟೆದು ಗುಂಡಿ ಒತ್ತಲೂ ಕಷ್ಟ. ದೋಣಿ ಹತ್ತಿದ ಮೇಲೆ ಬಿಸಿ ಸೂಪಿನ ಲೋಟ ಹಿಡಿದು ಕೂತೆವು. ಮಂಜು ಹರಿದು ಬಿಸಿಲು ಬಂದಿತ್ತು. ಬೇರೆ ಡೈವರ್‌ಗಳೂ ಮಾತು ಕಡಿಮೆ.

ಒಂದಷ್ಟು ಹೊತ್ತಿನ ಮೇಲೆ ಶ್ರೀಧರಣ್ಣ ಕೇಳಿದರು: "ಬ್ಲ್ಯಾಕ್ ಪಾಯಿಂಟ್‌ನವರ ಮನೆಯವರು ಇದನ್ನ ನೋಡೋಕೆ ಬಂದ್ರೆ ಎಂತ ಅನ್ಕೊಳ್ತಾರೆ? ಕೊಂದವರಿಗೆ ಇಷ್ಟು ಮರ್ಯಾದೆ ಎಂತಕ್ಕೆ ಅಂತ ಅನ್ನಿಸಲ್ವಾ?"

ಅನ್ನಿಸಬಹುದು. ಅನ್ನಿಸಿದರೆ ಅವರದ್ದು ತಪ್ಪೆಂದು ನಾನು ಹೇಳಲಾರೆ. ನನ್ನ ಮಟ್ಟಿಗೆ ಎರಡೂ ಜಾಗಕ್ಕೆ ಒಂದೇ ಮರ್ಯಾದೆ. ಅದಕ್ಕೇ ನಿನ್ನೆ ಅಲ್ಲಿ ಇಳಿಯದೆ ಇವತ್ತು ಇಲ್ಲಿ ಇಳಿಯುವುದು ನನಗೆ ಬೇಡವಾಗಿತ್ತು.

ಸೋಮವಾರ

ನೀರಿಗೆ ಇಳಿಯಲಿಲ್ಲ. ಸೇತುವೆ ದಾಟಿ ನ್ಯೂಪೋರ್ಟ್‌ಗೆ ಹೋದೆವು.

1960ರಲ್ಲಿ ಒಬ್ಬ ಡೈವರ್ ಯು-853 ಒಳಗಿನಿಂದ ಒಬ್ಬ ನಾವಿಕನ ದೇಹದ ಉಳಿಕೆಯನ್ನು ಮೇಲೆ ತಂದಿದ್ದ. ದೊಡ್ಡ ಗಲಾಟೆಯಾಯಿತು. ಸತ್ತವರನ್ನು ಕದಡಬೇಡಿ ಎಂದು ನಿವೃತ್ತ ಅಡ್ಮಿರಲ್‌ಗಳೂ ಪಾದ್ರಿಗಳೂ ಸರ್ಕಾರಕ್ಕೆ ಮನವಿ ಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಹೆಸರು ತಿಳಿಯದ ನಾವಿಕನನ್ನು ನ್ಯೂಪೋರ್ಟ್‌ನ ಐಲ್ಯಾಂಡ್ ಸಿಮೆಟರಿ ಅನೆಕ್ಸ್‌ನಲ್ಲಿ ಸೇನಾ ಗೌರವದೊಂದಿಗೆ ಹೂತರು. ಹೂಳಿದ್ದು ಅಮೆರಿಕದ ನೆಲದಲ್ಲಿ, ಹದಿನೈದು ವರ್ಷ ಹಿಂದೆ ಅವನನ್ನು ಕೊಂದ ನೌಕಾಪಡೆಯ ಊರಿನಲ್ಲೇ. ಶ್ರೀಧರಣ್ಣ ದಾರಿಯಲ್ಲಿ ಬಿಳಿ ಸೇವಂತಿಗೆ ಕೊಂಡಿದ್ದರು, ಇಟ್ಟು ಬಂದೆವು.

ಸಬ್‌ಮರೀನಿನ ಪ್ರೊಪೆಲ್ಲರ್‌ಗಳ ಕಥೆ ಬೇರೆ. ಐವತ್ತರ ದಶಕದಲ್ಲೇ ಅವನ್ನು ಕಿತ್ತು ಮೇಲೆ ತಂದಿದ್ದರು. ಬಹಳ ವರ್ಷ ನ್ಯೂಪೋರ್ಟ್‌ನ ಒಂದು ಹೋಟೆಲ್ ಅಂಗಳದಲ್ಲಿ ಅಲಂಕಾರಕ್ಕೆ ಇದ್ದವು. ಈಗ ಊರಿನ ನೇವಲ್ ವಾರ್ ಕಾಲೇಜಿನಲ್ಲಿವೆ. ಹೋಟೆಲಿಗಿಂತ ಅದು ಎಷ್ಟೋ ವಾಸಿ.

ಊಟಕ್ಕೆ ಕೂತಾಗ ಇನ್ನೊಂದು ಹಡಗಿನ ಮಾತು ಬಂತು. ಬ್ಲ್ಯಾಕ್ ಪಾಯಿಂಟ್‌ಗೂ ಮೊದಲು, 1945ರ ಏಪ್ರಿಲ್ 23ರಂದು, ಇದೇ ಯು-853 ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ತಿರ ಈಗಲ್ 56 ಎಂಬ ಚಿಕ್ಕ ಯುದ್ಧನೌಕೆಯನ್ನು ಎರಡು ತುಂಡು ಮಾಡಿತ್ತು. 49 ಜನ ಸತ್ತರು, 13 ಮಂದಿ ಬದುಕಿದರು. ಬದುಕಿದವರಲ್ಲಿ ಕೆಲವರು ಸಬ್‌ಮರೀನ್ ಕಂಡೆವು ಎಂದು ಹೇಳಿದರೂ ನೌಕಾಪಡೆ ಬಾಯ್ಲರ್ ಸಿಡಿದದ್ದೇ ಕಾರಣ ಎಂದು ಬರೆದು ಮುಗಿಸಿತು. ಅದನ್ನು ತಿದ್ದಿದ್ದು 2001ರಲ್ಲಿ. ಅಷ್ಟು ವರ್ಷ ಆ ಮನೆಯವರಿಗೆ ತಮ್ಮವರು ಯುದ್ಧದಲ್ಲಿ ಸತ್ತರು ಎಂದು ಹೇಳಿಕೊಳ್ಳುವ ಹಕ್ಕೂ ಇರಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದೇ.

ಆ ಹಡಗು ಸಿಕ್ಕಿದ್ದು 2018ರಲ್ಲಿ, ಸುಮಾರು 90 ಮೀಟರ್ ಆಳದಲ್ಲಿ. ಅಷ್ಟು ಕೆಳಗೆ ಹೋಗಲು ಹೀಲಿಯಂ ಬೆರೆಸಿದ ಗಾಳಿ ಬೇಕು, ವರ್ಷಗಟ್ಟಲೆ ತರಬೇತಿ ಬೇಕು. ನಮ್ಮಿಬ್ಬರ ತರಬೇತಿ ಅದಕ್ಕೆ ಸಾಲದು. ಆದರೆ ಪೋರ್ಟ್‌ಲ್ಯಾಂಡ್ ಪಕ್ಕದ ಕೇಪ್ ಎಲಿಜಬೆತ್‌ನ ಫೋರ್ಟ್ ವಿಲಿಯಮ್ಸ್ ಪಾರ್ಕ್‌ನಲ್ಲಿ ಅವರ ಸ್ಮಾರಕ ಇದೆ, ಕಾರಿನಲ್ಲೇ ಹೋಗಿ ಬರಬಹುದು. "ಸೆಪ್ಟೆಂಬರ್‌ನಲ್ಲಿ ಹೋಗುವ, ಮನೆಯವರನ್ನೂ ಕರ್ಕೊಂಡು" ಎಂದರು ಶ್ರೀಧರಣ್ಣ. ಅಲ್ಲೇ ಕೂತು ಇಬ್ಬರೂ ಫೋನ್ ತೆಗೆದು ಮಕ್ಕಳ ಶಾಲೆಯ ರಜೆ ಯಾವಾಗ ಎಂದು ನೋಡತೊಡಗಿದೆವು.